ಮೊಳೆ

ಪ್ರತಿ ಫೆಬ್ರವರಿಯಲ್ಲೂ ಇದೇ ತಕರಾರು.
ಎಲ್ಸ್‌ಹೋಪ್ ಗಣಿಯ ನೆನಪಿನ ದಿನಕ್ಕೆ
ನೂರಾಎಂಬತ್ತು ಹಾಳೆ, ಕೆನೆಬಣ್ಣದ ಕಾಗದ.
ಕಮಿಟಿಯ ಐವರೂ ನನ್ನ ಪ್ರೆಸ್ಸಿಗೆ ಬಂದು
ಒದ್ದೆ ಕೊಡೆ ಒದರಿ, ಕರಡು ಹಿಡಿದು
ಮೂರನೇ ಸಾಲಿನಲ್ಲಿ ನಿಂತುಬಿಡುತ್ತಾರೆ.

ಮೊದಲು ಸ್ತೋತ್ರ, ಆಮೇಲೆ ಹೆಸರುಗಳ ಓದು,
ಆಮೇಲೆ?
ಎ ಮಿನಿಟ್ ಸೈಲೆನ್ಸೋ, ಎ ಮಿನಿಟ್ಸ್ ಸೈಲೆನ್ಸೋ?

ಹೇಲ್ ಮೇಷ್ಟ್ರು ನಿವೃತ್ತರಾಗಿ ಹತ್ತೊಂಬತ್ತು ವರ್ಷ,
ಅವರ ಕೆಂಪು ಪೆನ್ನು ಇನ್ನೂ ಸರ್ವೀಸಿನಲ್ಲಿದೆ.
'ಆ ಕೊಕ್ಕೆ ಬಿಟ್ಟರೆ ಕೆಟ್ಟಿತು ಕಣಮ್ಮಾ.
ಅದೇ ಅಕ್ಷರಗಳನ್ನು ಮೈನ್ಯೂಟ್ ಅಂತ ಓದಿಬಿಟ್ಟರೆ?
ಸಾಸಿವೆಯಷ್ಟು ಮೌನ!
ಇಪ್ಪತ್ತಮೂರು ಜನಕ್ಕೆ ಸಾಸಿವೆಯಷ್ಟೇ?'

ಡೋರ್ಕಾಸ್‌ಗೆ ಎರಡು ನಿಮಿಷ ಬೇಕಂತೆ.
ಹಾಗಾದರೆ ಕೊಕ್ಕೆ ಎಸ್ ದಾಟಿ ಆಚೆ ಹೋಗಬೇಕು.
ಒಂದಕ್ಕೆ ಒಳಗೆ, ಎರಡಕ್ಕೆ ಹೊರಗೆ,
ಮೇಷ್ಟ್ರು ಬೆರಳಲ್ಲಿ ಗಾಳಿಯಲ್ಲೇ ತೋರಿಸಿದರು.
'ಎಲ್ಲಿಟ್ಟರೂ ಕಿವಿಗೆ ಕೇಳುವುದಿಲ್ಲವಲ್ಲ'
ಅಂದ ಆಸ್ವಿನ್, ಬ್ಯಾಂಡಿನಲ್ಲಿ ಕಾರ್ನೆಟ್ ಊದುವವನು.

ನಾನು ಅಕ್ಷರ ಜೋಡಿಸುವವಳು, ಪಂಚಾಯಿತಿ ಮಾಡುವವಳಲ್ಲ.
ಅಪ್ಪ ಬಿಟ್ಟುಹೋದ ಸೀಸದ ಮೊಳೆಗಳು,
ತಲೆಕೆಳಗಾಗಿ ಓದಿ ಪಳಗಿದ ಕಣ್ಣು, ಇಷ್ಟೇ ಬಂಡವಾಳ.
ಆದರೂ ಹೇಳಿದೆ: ನೋಡಿ, ಇದು ಅಲ್ಪವಿರಾಮವೇ.
ಸಾಲಿನ ಬುಡದಲ್ಲಿದ್ದಾಗ ತುಸು ನಿಲ್ಲು ಅನ್ನುತ್ತಿತ್ತು,
ಮೇಲೇರಿ ಕೂತ ಮೇಲೆ
ಇದು ಇಂಥವರದು ಅನ್ನುತ್ತದೆ.

'ಯಾರದು?'

ಥೋರಾ ಮಿಲ್ಬರ್ನ್. ತೊಂಬತ್ತರ ಹತ್ತಿರ.
ಕುರ್ಚಿ ಬೇಡವೆಂದು ಕಾಗದದ ಕಟ್ಟಿನ ಮೇಲೆ ಕೂತವಳು
ಅಲ್ಲಿಯತನಕ ಬಾಯಿ ಬಿಟ್ಟಿರಲಿಲ್ಲ.
'ನಿಮಿಷದ್ದು' ಎಂದರು ಮೇಷ್ಟ್ರು, 'ವ್ಯಾಕರಣದ ಪ್ರಕಾರ.'
'ನಿಮಿಷಕ್ಕೆಲ್ಲಿಯ ಮೌನ ಮಾರಾಯರೇ?

ಆವತ್ತು ಪಂಪು ನಿಲ್ಲಿಸಿದರು, ದೊಡ್ಡ ಗಾಲಿ ನಿಲ್ಲಿಸಿದರು,
ಲಾರಿಗಳನ್ನು ಸೇತುವೆಯಾಚೆಗೇ ತಡೆದರು.
ಮಗು ಅತ್ತರೆ ಮೊಲೆಗೆ ಒತ್ತಿಕೊಂಡೆವು.
ಕೆಳಗಿನಿಂದ ಕೊಳವೆಗೆ ಬಡಿಯುತ್ತಾರೇನೋ ಅಂತ
ಊರಿಗೆ ಊರೇ ಕಿವಿಯಾಗಿ ನಿಂತಿತ್ತು.
ನೆನಪು ಗಿನಪು ಅಲ್ಲ ಅದು, ಬದುಕಿದ್ದರು ಆಗ.
ಗಡಿಯಾರ ಯಾರು ನೋಡಿದರು?
ಮೂರು ಸಲ ಟಣ್ ಅಂತು.
ಆಮೇಲೆ ಅನ್ನಲಿಲ್ಲ.
ಅಲ್ಲಿಂದ ಮುಂದೆ ಮೌನ ಅವರದು.
ಕೇಳುವುದಷ್ಟೇ ನಮ್ಮದು.'

ದೀಪದ ಕೋಣೆಯ ಗೋಡೆ ತುಂಬ ಮೊಳೆಗಳಿದ್ದವಂತೆ,
ಒಂದೊಂದಕ್ಕೂ ಒಂದು ನಂಬರು.
ಪಾಳಿ ಮುಗಿಸಿ ಮೇಲೆ ಬಂದವನು
ಹಿತ್ತಾಳೆಯ ಬಿಲ್ಲೆ ನೇತುಹಾಕಿ ಮನೆಗೆ.
ಬೆಳಗಿನ ಜಾವ ಇಪ್ಪತ್ತಮೂರು ಮೊಳೆ ಬರಿದು.
ಜೋಸ್ಸನದು ನೂರಾಹದಿನಾಲ್ಕು, ಬಾಗಿಲ ಹಿಂದೆ.

ಹೀಟರು ಗುಂಯ್‌ಗುಡುತ್ತಿತ್ತು.
ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು.
ಹಾಕಿ, ತಡೆಯಲಾರದೆ ಮತ್ತೆ ತೆಗೆದರು:
'ಆದರೂ... ಕೊಕ್ಕೆ ಇರಲಿ.'
'ಇರಲಿ ಬಿಡಿ' ಎಂದಳು ಥೋರಾ,
'ಏನಾದರೂ ನೇತುಹಾಕೋದಕ್ಕಾದರೂ ಬೇಕಲ್ಲ.'

ರಾತ್ರಿ ಖಾನೆ ತಡಕಿದೆ.
ಆ ಅಳತೆಯಲ್ಲಿ ಸವೆಯದೆ ಉಳಿದದ್ದು ಒಂದೇ ಕೊಕ್ಕೆ,
ಅಕ್ಕಿಕಾಳಿನಷ್ಟು ಮುಖ, ಉಗುರಿಗಂಟುವ ತಣ್ಣನೆ ಸೀಸ.
ಒಂದು ನಿಮಿಷವೆಂದೇ ಜೋಡಿಸಿದೆ, ಕೊಕ್ಕೆ ಒಳಗೆ.
ನೂರಾ ಅರವತ್ತನೇ ಹಾಳೆಯ ಹೊತ್ತಿಗೆ
ಅದರ ಬಾಲ ಮುರಿಯಿತು. ಇರಲಿ.
ಉಳಿದ ಇಪ್ಪತ್ತು ಬ್ಯಾಂಡಿನವರಿಗೆ ಕೊಟ್ಟೆ.

ಗಣಿ ಮುಚ್ಚಿ ಹುಲ್ಲು ಬಿತ್ತಿದ ದಿಬ್ಬ, ಈಶಾನ್ಯದ ಗಾಳಿ,
ಹೆಸರುಗಳು ಮುಗಿದವು.
ಹಾಳೆಯ ಬೆನ್ನ ಮೇಲೆ ಹೆಬ್ಬೆರಳಾಡಿಸಿದೆ,
ಮೂರನೇ ಸಾಲು ಉಬ್ಬಿ ಸಿಕ್ಕಿತು.
ಎಲ್ಲರೂ ತಲೆ ತಗ್ಗಿಸಿದ್ದರು.
ಥೋರಾ ತಗ್ಗಿಸಿರಲಿಲ್ಲ,
ಟೋಪಿ ಸರಿಸಿ, ಒಂದು ಕಿವಿಯನ್ನು
ನೆಲದ ಕಡೆಗೆ ವಾಲಿಸಿದ್ದಳು.

ಅರವತ್ತು ಎಣಿಸಿ ಆಸ್ವಿನ್ ಕಾರ್ನೆಟ್ ತುಟಿಗೆತ್ತಿದ.
ಅವಳು ಗಂಟು ಬಾಗಿದ ಬೆರಳೊಂದನ್ನು
ಮೆಲ್ಲಗೆ ಮೇಲೆತ್ತಿದಳು:
ತಾಳು.